ಜಪಾನಿನಲ್ಲಿ ಕರೆಂಟ್ ಉಳಿಸುವ ಮನೆಗೆ ಸೈಟು ಕೊಳ್ಳುವುದು ಹೇಗೆ: ಬಿಸಿಲಿನ ಲೆಕ್ಕದಿಂದ ರಿಜಿಸ್ಟ್ರೇಷನ್‌ವರೆಗೆ

ಜಪಾನಿನಲ್ಲಿ ಮನೆ ಕಟ್ಟಿಸೋಣ ಅಂತ ಹೊರಟವರು ಸಾಮಾನ್ಯವಾಗಿ ಮೊದಲು ಸೈಟು ನೋಡುತ್ತಾರೆ. ಸ್ಟೇಷನ್ ಹತ್ತಿರ, ಶಾಲೆ ಹತ್ತಿರ, ರೇಟೂ ಪರವಾಗಿಲ್ಲ ಅನಿಸಿದ ಕೂಡಲೇ ಅಡ್ವಾನ್ಸ್ ಕೊಡುತ್ತಾರೆ. ಆಮೇಲೆ ಬಿಲ್ಡರ್ ಹತ್ತಿರ ಹೋಗಿ ಚಳಿಗಾಲದಲ್ಲಿ ಬೆಚ್ಚಗಿರಬೇಕು, ಬೇಸಿಗೆಯಲ್ಲಿ ಒಂದೇ ಎಸಿಗೆ ಇಡೀ ಮನೆ ತಂಪಾಗಬೇಕು, ಬಿಲ್ಲು ಕಡಿಮೆ ಬರಬೇಕು ಅನ್ನುತ್ತಾರೆ. ಅಷ್ಟು ಹೊತ್ತಿಗೆ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಗೋಡೆಯ ಇನ್ಸುಲೇಷನ್ ಎಷ್ಟು ದಪ್ಪ ಇರಬೇಕು ಅನ್ನೋದನ್ನು ಸೈಟು ಕೊಂಡ ಮೇಲೂ ಬದಲಾಯಿಸಬಹುದು. ದಕ್ಷಿಣಕ್ಕೆ ಪಕ್ಕದವರ ಎರಡಂತಸ್ತಿನ ಮನೆ ಅಂಟಿಕೊಂಡು ನಿಂತಿದ್ದರೆ ಅದನ್ನು ಏನೂ ಮಾಡಲು ಆಗಲ್ಲ.

ಹಾಗಾಗಿ ನಾನು ಹೇಳುವ ಕ್ರಮ ತಿರುಗುಮುರುಗು. ಮೊದಲು ಎಂಥ ಮನೆ ಬೇಕು ಅಂತ ತೀರ್ಮಾನಿಸಿ, ಅದನ್ನು ಕಟ್ಟುವವರನ್ನು ಗೊತ್ತುಮಾಡಿಕೊಳ್ಳಿ. ಆಮೇಲೆ ಅವರನ್ನೂ ಕರೆದುಕೊಂಡು ಸೈಟು ಹುಡುಕಿ. ಟೋಕಿಯೊ, ಯೊಕೊಹಾಮ, ಸೈತಾಮ, ಚಿಬಾ ಸುತ್ತ ನೆಲೆಸಿರುವ ಕನ್ನಡದವರನ್ನು ಮನಸ್ಸಲ್ಲಿಟ್ಟುಕೊಂಡು ಬರೆದಿದ್ದೇನೆ. ಒಸಾಕ, ನಗೋಯದಲ್ಲಿ ಇರುವವರಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ.

ವಿದೇಶಿಯರು ಕೊಳ್ಳಬಹುದಾ?

ಕೊಳ್ಳಬಹುದು. ವೀಸಾ ಯಾವುದೇ ಇರಲಿ, ಜಮೀನು ನಿಮ್ಮ ಹೆಸರಿಗೆ ಪೂರ್ತಿ ಸ್ವಂತಕ್ಕೆ ರಿಜಿಸ್ಟರ್ ಆಗುತ್ತದೆ. ಜಮೀನು ಕೊಂಡ ಮಾತ್ರಕ್ಕೆ ವೀಸಾ ಮಾತ್ರ ಸಿಗಲ್ಲ. ಸೇನಾ ನೆಲೆಗಳಂಥ ಜಾಗಗಳ ಸುತ್ತ ಕೆಲವು ಕಡೆ 200 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಜಾಗ ಕೊಳ್ಳುವಾಗ ಸರ್ಕಾರಕ್ಕೆ ಮೊದಲೇ ತಿಳಿಸಬೇಕು. ಈ ನಿಯಮ ಜಪಾನೀಯರಿಗೂ ಅನ್ವಯಿಸುತ್ತದೆ. ಇನ್ನೊಂದು ವಿಷಯ, ಸುತ್ತಮುತ್ತಲಿನ ರೇಟಿಗಿಂತ ತೀರಾ ಅಗ್ಗವಾಗಿ ಕಂಡರೆ ಜಾಹೀರಾತಿನಲ್ಲಿ 'ಶಾಕುಚಿಕೆನ್' ಅಂತ ಇದೆಯಾ ನೋಡಿ. ಅದು ಗುತ್ತಿಗೆ ಜಮೀನು, ನಿಮ್ಮ ಸ್ವಂತದ್ದಲ್ಲ.

ನಿಜವಾದ ಅಡ್ಡಿ ಬ್ಯಾಂಕ್ ಸಾಲ. ಶಾಶ್ವತ ವಾಸದ ಪರವಾನಗಿ, ಅಂದರೆ 'ಏಜೂಕೆನ್' ಇದ್ದರೆ ದಾರಿ ಸಲೀಸು. ಇಲ್ಲದಿದ್ದರೆ ಬ್ಯಾಂಕುಗಳು ಕಮ್ಮಿಯಾಗುತ್ತವೆ, ಕೈಯಿಂದ ಹಾಕುವ ದುಡ್ಡು ಜಾಸ್ತಿ ಕೇಳುತ್ತಾರೆ, ಕೆಲವರು ಜಪಾನಿ ಸಂಗಾತಿ ಇದ್ದಾರಾ ಅಂತ ನೋಡುತ್ತಾರೆ. ಸ್ಥಿರ ಬಡ್ಡಿಯ 'ಫ್ಲಾಟ್ 35' ಸಾಲಕ್ಕೆ ವಿದೇಶಿಯರಿಗೆ ಶಾಶ್ವತ ವಾಸದ ಪರವಾನಗಿ ಬೇಕೇ ಬೇಕು. ಸೈಟು ನೋಡಲು ಹೊರಡುವ ಮೊದಲೇ ಎರಡು ಮೂರು ಬ್ಯಾಂಕಿನಲ್ಲಿ ಪೂರ್ವಭಾವಿ ಒಪ್ಪಿಗೆ ಕೇಳಿಟ್ಟುಕೊಳ್ಳಿ. ಒಳ್ಳೆ ಸೈಟು ಸಿಕ್ಕಾಗ ಬ್ಯಾಂಕಿನ ಉತ್ತರಕ್ಕೆ ಕಾಯುತ್ತ ಕೂತರೆ ಬೇರೆಯವರು ಕೊಂಡು ಹೋಗುತ್ತಾರೆ.

ಹೆಜ್ಜೆ 1: ಮನೆಯ ದುಡ್ಡನ್ನು ಮೊದಲು ಎತ್ತಿಡಿ

ಒಟ್ಟು ಬಜೆಟ್ ಬರೆದುಕೊಳ್ಳಿ. ಅದರಿಂದ ಮನೆ ಕಟ್ಟುವ ಖರ್ಚು ಕಳೆಯಿರಿ. ಸಾಲದ ಶುಲ್ಕ, ತೆರಿಗೆ, ಪಾಯದ ಕೆಲಸ, ನೀರಿನ ಪೈಪು, ಕಾಂಪೌಂಡು ಇವನ್ನೂ ಕಳೆಯಿರಿ. ಉಳಿದದ್ದು ಸೈಟಿಗೆ. ಇದನ್ನು ಉಲ್ಟಾ ಮಾಡಿದರೆ ಏನಾಗುತ್ತದೆ ಗೊತ್ತಾ? ಸೈಟಿಗೆ ಜಾಸ್ತಿ ಹೋಗಿಬಿಡುತ್ತದೆ, ಮನೆಯಲ್ಲಿ ಕೈ ಹಿಡಿಯಬೇಕಾಗುತ್ತದೆ, ಆಗ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಇನ್ಸುಲೇಷನ್ನಿಗೆ ಮತ್ತು ಕಿಟಕಿಗೆ. ಅಡುಗೆಮನೆಯ ಕೌಂಟರ್ ಮಾತ್ರ ಫಳಫಳ ಅನ್ನುತ್ತಿರುತ್ತದೆ.

ಎಂಥ ಮನೆ ಅನ್ನೋದಕ್ಕೆ ಅಳತೆಗೋಲು ಇದೆ. ಜಪಾನನ್ನು ಹವಾಮಾನದ ಪ್ರಕಾರ 8 ವಲಯ ಮಾಡಿದ್ದಾರೆ. 1 ಹೊಕ್ಕೈಡೊದ ತೀರಾ ಚಳಿ ಇರುವ ಕಡೆ, 8 ಓಕಿನಾವ. ಟೋಕಿಯೊ, ಒಸಾಕ ಎಲ್ಲ 6ನೇ ವಲಯ. ಮನೆಯಿಂದ ಶಾಖ ಎಷ್ಟು ಸೋರುತ್ತದೆ ಅನ್ನೋದನ್ನು 'ಯುಎ' ಅನ್ನುವ ಸಂಖ್ಯೆಯಲ್ಲಿ ಹೇಳುತ್ತಾರೆ. ಸಂಖ್ಯೆ ಚಿಕ್ಕದಿದ್ದಷ್ಟೂ ಒಳ್ಳೆಯದು. ಅದರ ಪ್ರಕಾರ ಮನೆಯ ಇನ್ಸುಲೇಷನ್‌ಗೆ ದರ್ಜೆ ಕೊಡುತ್ತಾರೆ, ದರ್ಜೆ ಏರಿದಷ್ಟೂ ಒಳ್ಳೆಯದು. 6ನೇ ವಲಯದಲ್ಲಿ ದರ್ಜೆ 4ಕ್ಕೆ ಯುಎ 0.87, ದರ್ಜೆ 5ಕ್ಕೆ 0.60, ದರ್ಜೆ 6ಕ್ಕೆ 0.46, ದರ್ಜೆ 7ಕ್ಕೆ 0.26. 2025ರ ಏಪ್ರಿಲ್‌ನಿಂದ ಎಲ್ಲ ಹೊಸ ಮನೆಗಳಿಗೂ ದರ್ಜೆ 4 ಕಡ್ಡಾಯ. 2030ರ ಹೊತ್ತಿಗೆ ಅದನ್ನು ದರ್ಜೆ 5ಕ್ಕೆ ಏರಿಸುವ ಯೋಜನೆ ಇದೆ. ಅಂದರೆ ಈಗ ಬರೀ ಕಾನೂನಿಗೆ ಸರಿಹೊಂದುವಷ್ಟು ಕಟ್ಟಿಸಿದರೆ ಕೆಲವೇ ವರ್ಷಗಳಲ್ಲಿ ಅದು ಹಳೇ ಮಟ್ಟದ ಮನೆ ಆಗುತ್ತದೆ. ಟೋಕಿಯೊ ಕಡೆ ದರ್ಜೆ 6ಕ್ಕಿಂತ ಕೆಳಗೆ ಇಳಿಯಬೇಡಿ ಅನ್ನೋದು ನನ್ನ ಸಲಹೆ.

ಈ ಮಟ್ಟಕ್ಕೆ ಕಟ್ಟಬಲ್ಲ ಬಿಲ್ಡರ್ ಅಥವಾ ಆರ್ಕಿಟೆಕ್ಟ್ ಯಾರು ಅಂತ ಹುಡುಕಿ. ದೊಡ್ಡ ಕಂಪನಿಯೇ ಆಗಬೇಕಿಲ್ಲ, ಆಯಾ ಊರಿನ 'ಕೋಮುತೆನ್' ಅನ್ನುವ ಸಣ್ಣ ಬಿಲ್ಡರ್‌ಗಳಲ್ಲಿ ಬಹಳ ಒಳ್ಳೆಯವರಿದ್ದಾರೆ. ಎರಡು ಪ್ರಶ್ನೆ ಕೇಳಿ. ಪ್ರತಿ ಮನೆಗೂ ಯುಎ ಲೆಕ್ಕ ಹಾಕಿ ಕೊಡುತ್ತೀರಾ? ಗಾಳಿ ಸೋರುವಿಕೆಯ 'ಸಿ ವ್ಯಾಲ್ಯೂ' ಅನ್ನು ಪ್ರತಿ ಮನೆಯಲ್ಲೂ ಅಳೆಯುತ್ತೀರಾ? 'ಅದೆಲ್ಲ ಬೇಡ, ನಮ್ಮ ಮನೆ ಬೆಚ್ಚಗೇ ಇರುತ್ತೆ' ಅಂದರೆ ಮುಂದಿನವರ ಹತ್ತಿರ ಹೋಗಿ. ಸಿ ವ್ಯಾಲ್ಯೂ 1ಕ್ಕಿಂತ ಕೆಳಗೆ ಬರುತ್ತದೆ ಅಂತ ಅಳೆದು ತೋರಿಸುವವರು ಸಿಕ್ಕರೆ ಅವರಿಗೆ ಹೇಳಿ: ಸೈಟು ಸಿಕ್ಕಾಗ ನೀವೂ ಬಂದು ನೋಡಬೇಕು ಅಂತ. ಬಹುತೇಕರು ಸಂತೋಷವಾಗಿ ಬರುತ್ತಾರೆ.

ಹೆಜ್ಜೆ 2: ಹುಡುಕುವುದು, ರೇಟು ತಿಳಿಯುವುದು

ಸುಮೋ, ಹೋಮ್ಸ್, ಅಟ್‌ಹೋಮ್ ಅನ್ನುವ ವೆಬ್‌ಸೈಟುಗಳಲ್ಲಿ ಜಾಹೀರಾತು ಸಿಗುತ್ತದೆ. ಅಳತೆ ಚದರ ಮೀಟರಿನಲ್ಲೋ 'ತ್ಸುಬೋ'ದಲ್ಲೋ ಇರುತ್ತದೆ. 1 ತ್ಸುಬೋ ಅಂದರೆ ಸುಮಾರು 3.3 ಚದರ ಮೀಟರ್. ನಮ್ಮ ಲೆಕ್ಕದ 30x40 ಸೈಟು ಅಂದರೆ ಸುಮಾರು 111 ಚದರ ಮೀಟರ್, 34 ತ್ಸುಬೋ ಹತ್ತಿರ ಹತ್ತಿರ. ಟೋಕಿಯೊ ಸುತ್ತಮುತ್ತ ನೋಡುವ ಎಷ್ಟೋ ಸೈಟುಗಳು ಇದೇ ಅಳತೆಯ ಆಸುಪಾಸಿನವು, ಆದ್ದರಿಂದ ಅಂದಾಜು ಸುಲಭ.

ಹೇಳುವ ರೇಟು ಸರಿಯಾ ಅಂತ ನೋಡಲು ಭೂಮಿ, ಮೂಲಸೌಕರ್ಯ, ಸಾರಿಗೆ ಸಚಿವಾಲಯದ 'ಫುದೋಸಾನ್ ಜೋಹೋ ಲೈಬ್ರರಿ' ಅನ್ನುವ ಉಚಿತ ತಾಣ ಇದೆ, 2024ರ ಏಪ್ರಿಲ್‌ನಲ್ಲಿ ಶುರುವಾಯಿತು. ಆ ಏರಿಯಾದಲ್ಲಿ ನಿಜವಾಗಿ ಎಷ್ಟಕ್ಕೆ ಮಾರಾಟ ಆಗಿದೆ, ಯಾವ ವಲಯ, ಪ್ರವಾಹದ ಅಪಾಯ ಎಷ್ಟು ಅನ್ನೋದೆಲ್ಲ ಒಂದೇ ನಕ್ಷೆಯಲ್ಲಿ ಕಾಣುತ್ತದೆ. ತೆರಿಗೆ ಇಲಾಖೆಯ 'ರೋಸೆಂಕಾ', ಅಂದರೆ ರಸ್ತೆವಾರು ಮೌಲ್ಯ, ಸರ್ಕಾರ ಪ್ರಕಟಿಸುವ ಭೂಮಿ ಬೆಲೆಯ ಸುಮಾರು ಶೇ 80 ಇರುತ್ತದೆ. ಅದನ್ನು 0.8ರಿಂದ ಭಾಗಿಸಿದರೆ ಒಂದು ಅಂದಾಜು ಸಿಗುತ್ತದೆ.

ಜಾಹೀರಾತಿನಲ್ಲಿ 'ಕೆಂಚಿಕು ಜೋಕೆನ್ ತ್ಸುಕಿ' ಅಂತ ಇದ್ದರೆ ಎಚ್ಚರ. ಅವರು ಹೇಳಿದ ಬಿಲ್ಡರ್ ಹತ್ತಿರವೇ, ಸಾಮಾನ್ಯವಾಗಿ 3 ತಿಂಗಳೊಳಗೆ, ಮನೆಯ ಒಪ್ಪಂದ ಮಾಡಿಕೊಳ್ಳಬೇಕು ಅನ್ನುವ ಷರತ್ತು ಅದು. ಒಪ್ಪಂದ ಆಗದಿದ್ದರೆ ಕೊಟ್ಟ ಹಣ ವಾಪಸ್ ಬರುತ್ತದೆ. ಆದರೆ ನಿಮಗೆ ಬೇಕಾದ ದರ್ಜೆ 6ರ ಮನೆ ಆ ಬಿಲ್ಡರ್ ಕಟ್ಟುತ್ತಾರಾ ಅನ್ನೋದೇ ಪ್ರಶ್ನೆ. ಕಟ್ಟಲ್ಲ ಅಂದರೆ ಎಷ್ಟೇ ಚೆಂದದ ಸೈಟಾದರೂ ಬಿಟ್ಟುಬಿಡಿ. ಕೆಲವು ಸಲ ಜಾಸ್ತಿ ದುಡ್ಡು ಕೊಟ್ಟರೆ ಷರತ್ತು ತೆಗೆಯುತ್ತಾರೆ, ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಹೆಜ್ಜೆ 3: ಬಿಸಿಲು

ಇದಕ್ಕೆ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ಇಡೀ ವಿಷಯದ ಜೀವ ಇಲ್ಲೇ ಇದೆ.

ಬೆಂಗಳೂರಿನಲ್ಲಿ ಡಿಸೆಂಬರ್ 21–22ರ ಮಧ್ಯಾಹ್ನ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಟೋಕಿಯೊದಲ್ಲಿ ಬರೀ 31 ಡಿಗ್ರಿ. ಸಪ್ಪೊರೊದಲ್ಲಿ 23–24. ಜೂನ್‌ನಲ್ಲಿ ಟೋಕಿಯೊದ ಸೂರ್ಯ 78 ಡಿಗ್ರಿಗೆ ಏರುತ್ತಾನೆ. ಹೀಗಾಗಿ ದಕ್ಷಿಣದ ದೊಡ್ಡ ಕಿಟಕಿಯಿಂದ ಚಳಿಗಾಲದಲ್ಲಿ ಬಿಸಿಲು ಕೋಣೆಯ ಒಳಗೆಲ್ಲ ಬರುತ್ತದೆ, ಬೇಸಿಗೆಯಲ್ಲಿ ಒಂದು ಹದವಾದ ಸೂರು ಇಳಿಸಿದರೆ ಬಿಸಿಲು ನಿಲ್ಲುತ್ತದೆ. ಪೂರ್ವ, ಪಶ್ಚಿಮದ ಕಿಟಕಿಗಳಲ್ಲಿ ಇದು ನಡೆಯಲ್ಲ. ಅಲ್ಲಿ ಬೇಸಿಗೆಯ ಬಿಸಿಲು ಅಡ್ಡಡ್ಡವಾಗಿ ನುಗ್ಗುತ್ತದೆ, ಹೊರಗಡೆ ಪರದೆ ಕಟ್ಟಬೇಕು. ನಮ್ಮ ಊರಲ್ಲಿ ಪೂರ್ವಕ್ಕೆ ಬಾಗಿಲು ಇರೋ ಸೈಟು ಅಂದರೆ ನಾಲ್ಕು ಕಾಸು ಜಾಸ್ತಿ ಕೊಡುತ್ತೇವೆ. ಇಲ್ಲೂ ಬಾಗಿಲು ಪೂರ್ವಕ್ಕೇ ಇಟ್ಟುಕೊಳ್ಳಿ, ಅಡ್ಡಿ ಇಲ್ಲ. ಆದರೆ ನೀವು ಹಗಲೆಲ್ಲ ಕೂರುವ ಕೋಣೆಯ ಗಾಜು ದಕ್ಷಿಣಕ್ಕೆ ಇರಲಿ. ದಕ್ಷಿಣದಿಂದ ಸುಮಾರು 20 ಡಿಗ್ರಿ ಆಚೀಚೆ ಆದರೂ ನಷ್ಟ ಕಡಿಮೆ. 45 ಡಿಗ್ರಿ ತಿರುಗಿದ ಸೈಟಿನಲ್ಲಿ ಪ್ಲಾನ್ ಮಾಡುವುದು ಕಷ್ಟ.

ಈಗ ಒಂದು ಲೆಕ್ಕ. ಟೋಕಿಯೊದಲ್ಲಿ ಆ ದಿನ ಮಧ್ಯಾಹ್ನ ನೆರಳಿನ ಉದ್ದ ಎತ್ತರದ ಸುಮಾರು 1.7 ಪಟ್ಟು. ಎರಡಂತಸ್ತಿನ ಮನೆಯ ಸೂರು ಸುಮಾರು 6 ಮೀಟರ್ ಎತ್ತರ ಇರುತ್ತದೆ, ಅಂದರೆ 10 ಮೀಟರ್ ನೆರಳು. 9 ಮೀಟರ್ ಅಗಲ, 13.3 ಮೀಟರ್ ಉದ್ದದ 120 ಚದರ ಮೀಟರ್ ಸೈಟು ತೆಗೆದುಕೊಳ್ಳಿ, ಉದ್ದ ಉತ್ತರ–ದಕ್ಷಿಣಕ್ಕೆ. ಮನೆ 7.5 ಮೀಟರ್ ಆಳ. ಉತ್ತರಕ್ಕೆ 1 ಮೀಟರ್ ಬಿಟ್ಟು ಆ ಕಡೆಗೇ ತಳ್ಳಿ ಕಟ್ಟಿದರೆ ದಕ್ಷಿಣಕ್ಕೆ 4.8 ಮೀಟರ್ ಉಳಿಯುತ್ತದೆ. ದಕ್ಷಿಣದ ಮನೆಯವರು ಅವರ ಗಡಿಯಿಂದ 1 ಮೀಟರ್ ಬಿಟ್ಟಿದ್ದಾರೆ ಅಂದುಕೊಳ್ಳಿ. ಎರಡೂ ಗೋಡೆಗಳ ನಡುವೆ 5.8 ಮೀಟರ್. ಆಗ ಅವರ ನೆರಳು ನಿಮ್ಮ ಗೋಡೆಯ ಮೇಲೆ ಸುಮಾರು 2.5 ಮೀಟರ್ ಎತ್ತರದವರೆಗೆ ಬೀಳುತ್ತದೆ. ಅಂದರೆ ನೆಲ ಅಂತಸ್ತಿನ ಕಿಟಕಿ ಪೂರ್ತಿ ನೆರಳಲ್ಲಿ, ಮೇಲಿನ ಅಂತಸ್ತು ಪೂರ್ತಿ ಬಿಸಿಲಲ್ಲಿ. ಸೈಟು ಚೆನ್ನಾಗಿಲ್ಲ ಅಂತಲ್ಲ. ಇಂಥ ಸೈಟಿನಲ್ಲಿ ಹಾಲ್ ಮತ್ತು ಅಡುಗೆಮನೆಯನ್ನು ಮೇಲಿನ ಅಂತಸ್ತಿನಲ್ಲಿ ಇಡಬೇಕು, ಇಲ್ಲವೇ ಹಾಲಿನ ಮೇಲೆ ಛಾವಣಿಯವರೆಗೆ ತೆರೆದು ಎತ್ತರದ ಕಿಟಕಿಯಿಂದ ಬಿಸಿಲು ಇಳಿಸಬೇಕು. ವಯಸ್ಸಾದ ಅಪ್ಪ ಅಮ್ಮ ಬಂದು ಇರುತ್ತಾರೆ, ಹಾಲ್ ಕೆಳಗೇ ಬೇಕು ಅನ್ನುವವರು ಇನ್ನೂ ಉದ್ದದ ಸೈಟು ನೋಡಬೇಕು. ಈ ಪೆನ್ಸಿಲ್ ಲೆಕ್ಕವನ್ನು ಪ್ರತಿ ಸೈಟಿಗೂ ಹಾಕಿ. ಹತ್ತು ನಿಮಿಷದ ಕೆಲಸ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿ ಹೊರಬರುತ್ತದೆ. ದಕ್ಷಿಣಕ್ಕೆ ರಸ್ತೆ ಇರುವ ಸೈಟಿಗೆ ಎಲ್ಲರೂ ಜಾಸ್ತಿ ಬೆಲೆ ಹೇಳುತ್ತಾರೆ. ಬಿಸಿಲು ಗ್ಯಾರಂಟಿ, ನಿಜ. ಆದರೆ ಹಾಲಿನ ದೊಡ್ಡ ಗಾಜು ರಸ್ತೆಗೆ ಮುಖ ಮಾಡಿದರೆ ಹೋಗುವವರು ಬರುವವರೆಲ್ಲ ಒಳಗೆ ನೋಡುತ್ತಾರೆ ಅಂತ ಹಗಲಿಡೀ ಕರ್ಟನ್ ಎಳೆದುಕೊಂಡಿರುವ ಮನೆಗಳು ಬೀದಿಗೆ ನಾಲ್ಕು ಸಿಗುತ್ತವೆ. ಕರ್ಟನ್ ಎಳೆದ ಮೇಲೆ ಆ ಬಿಸಿಲಿಗೆ ಕೊಟ್ಟ ದುಡ್ಡು ದಂಡ ಅಲ್ವಾ? ಉತ್ತರಕ್ಕೆ ರಸ್ತೆ ಇದ್ದು, ಸೈಟು ಉದ್ದ ಇದ್ದು, ದಕ್ಷಿಣಕ್ಕೆ ಹಿತ್ತಲು ಬಿಡಲು ಆಗುವ ಹಾಗಿದ್ದರೆ ಅದೇ ಎಷ್ಟೋ ಸಲ ಮೇಲು. ಬೆಲೆಯೂ ಕಡಿಮೆ. ಉಳಿದ ದುಡ್ಡು ಕಿಟಕಿಗೆ ಹಾಕಿ.

'ಹತಾಜಾಓಚಿ' ಅಂತ ಇನ್ನೊಂದು ಬಗೆ ಇದೆ. ಕೋಲಿಗೆ ಕಟ್ಟಿದ ಬಾವುಟದ ಆಕಾರದ ಸೈಟು. ರಸ್ತೆಯಿಂದ ಸಣ್ಣ ಓಣಿ, ಹಿಂದೆ ಮನೆಯ ಜಾಗ. ಅಗ್ಗವಾಗಿ ಸಿಗುತ್ತದೆ. ಸುತ್ತ ನಾಲ್ಕೂ ಕಡೆ ಮನೆಗಳಿದ್ದರೂ ದಕ್ಷಿಣದವರ ಓಣಿಯೋ ಪಾರ್ಕಿಂಗೋ ನಿಮ್ಮ ಕಡೆಗಿದ್ದರೆ ಬಿಸಿಲು ಚೆನ್ನಾಗಿಯೇ ಬರುತ್ತದೆ. ಹೋಗಿ ನೋಡದೆ ತಳ್ಳಿಹಾಕಬೇಡಿ.

ಹೋಗಿ ನೋಡುವಾಗ ಫೋನಿನ ದಿಕ್ಸೂಚಿಯನ್ನು ನಂಬಿ ಮೋಸಹೋಗಬೇಡಿ. ಟೋಕಿಯೊದಲ್ಲಿ ಕಾಂತೀಯ ಉತ್ತರ ನಿಜವಾದ ಉತ್ತರಕ್ಕಿಂತ 7–8 ಡಿಗ್ರಿ ಪಶ್ಚಿಮಕ್ಕೆ ವಾಲಿರುತ್ತದೆ. ಸೆಟಿಂಗ್‌ನಲ್ಲಿ ನಿಜ ಉತ್ತರ ಆರಿಸಿಕೊಳ್ಳಿ. ಸಾಧ್ಯವಾದರೆ ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ 10, ಮಧ್ಯಾಹ್ನ 12, 2 ಗಂಟೆಗೆ ಹೋಗಿ ನಿಲ್ಲಿ. ದಕ್ಷಿಣಕ್ಕೆ ಈಗ ಖಾಲಿ ಪಾರ್ಕಿಂಗ್ ಇದ್ದರೆ ಅಲ್ಲಿ ನಾಳೆ ಮನೆ ಏಳುತ್ತದೆ ಅಂತಲೇ ಲೆಕ್ಕ ಹಾಕಿ. ವಾಲಿದ ಛಾವಣಿಯ ದಕ್ಷಿಣ ಪಕ್ಕ ಸೋಲಾರ್‌ಗೆ ಸಿಗುತ್ತದಾ, ಎತ್ತರದ ಅಪಾರ್ಟ್‌ಮೆಂಟ್ ನೆರಳು ಬೀಳುತ್ತದಾ ಅಂತಲೂ ನೋಡಿಕೊಳ್ಳಿ. ಟೋಕಿಯೊದಲ್ಲಿ 2025ರ ಏಪ್ರಿಲ್‌ನಿಂದ ದೊಡ್ಡ ಬಿಲ್ಡರ್‌ಗಳು ಹೊಸ ಮನೆಗಳಿಗೆ ಸೋಲಾರ್ ಹಾಕಲೇಬೇಕಾದ ನಿಯಮ ಬಂದಿದೆ. ಜವಾಬ್ದಾರಿ ಬಿಲ್ಡರ್‌ದು, ಕೊಳ್ಳುವವರದ್ದಲ್ಲ.

ಜಪಾನ್ ಸಮುದ್ರದ ಕಡೆಯ ನೀಗಾತ, ಕನಾಜಾವ, ತೊಯಾಮದಲ್ಲಿ ಮಾತ್ರ ಈ ಪಾಠ ಬೇರೆ. ಅಲ್ಲಿ ಚಳಿಗಾಲವಿಡೀ ಮೋಡ, ಹಿಮ. ಬಿಸಿಲಿನ ಮೇಲೆ ಲೆಕ್ಕ ಇಡುವ ಬದಲು ಇನ್ಸುಲೇಷನ್ ಜಾಸ್ತಿ ಮಾಡಿ, ಹಿಮ ಎಲ್ಲಿ ಸುರಿಯಬೇಕು ಅನ್ನುವ ಜಾಗ ನೋಡಿಕೊಳ್ಳಿ.

ಹೆಜ್ಜೆ 4: ಕಾಗದದ ಮೇಲಿನ ನಿಯಮ

ಪ್ರತಿ ಸೈಟಿಗೂ ಒಂದು 'ಯೋಟೋ ಚಿಇಕಿ', ಅಂದರೆ ಬಳಕೆಯ ವಲಯ ಇರುತ್ತದೆ. ಒಟ್ಟು 13 ಬಗೆ. ನಿಮಗೆ ಹೆಚ್ಚು ಬೇಕಾದದ್ದು ಮೊದಲ ದರ್ಜೆಯ ತಗ್ಗು ಮನೆಗಳ ವಲಯ. ಇಲ್ಲಿ ಎತ್ತರ 10 ಅಥವಾ 12 ಮೀಟರ್‌ಗೆ ಸೀಮಿತ. ಅದಕ್ಕಿಂತ ಮುಖ್ಯ, ಇಲ್ಲಿ ಪ್ರತಿ ಮನೆಯೂ ಉತ್ತರದ ಗಡಿಯಲ್ಲಿ 5 ಮೀಟರ್ ಎತ್ತರದಿಂದ ಶುರುವಾಗಿ, ಗಡಿಯಿಂದ ಪ್ರತಿ 1 ಮೀಟರ್ ಒಳಗೆ ಹೋದಂತೆ 1.25 ಮೀಟರ್ ಏರುವ ಇಳಿಜಾರು ಗೆರೆಯೊಳಗೆ ಇರಬೇಕು. ನಿಮ್ಮ ದಕ್ಷಿಣದವರ ಉತ್ತರ ಗಡಿ ಅಂದರೆ ನಿಮ್ಮ ದಕ್ಷಿಣ ಗಡಿ ತಾನೇ? ಅಂದರೆ ಕಾನೂನೇ ನಿಮ್ಮ ಬಿಸಿಲನ್ನು ಕಾಯುತ್ತದೆ. ವಾಣಿಜ್ಯ ವಲಯದಲ್ಲಿ ಈ ರಕ್ಷಣೆ ಇಲ್ಲ, ನಿಮ್ಮ ಮುಂದೆ ಏನು ಬೇಕಾದರೂ ಏಳಬಹುದು.

'ಕೆನ್‌ಪೇರಿತ್ಸು' ಅಂದರೆ ಸೈಟಿನ ಎಷ್ಟು ಭಾಗದ ಮೇಲೆ ಮನೆ ನಿಲ್ಲಬಹುದು, 'ಯೋಸೇಕಿರಿತ್ಸು' ಅಂದರೆ ಎಲ್ಲ ಅಂತಸ್ತು ಸೇರಿ ಎಷ್ಟು ಕಟ್ಟಬಹುದು. 120 ಚದರ ಮೀಟರಿಗೆ ಶೇ 50 ಮತ್ತು ಶೇ 100 ಇದ್ದರೆ ನೆಲದ ಮೇಲೆ 60, ಒಟ್ಟು 120. ಜಾಹೀರಾತಿನಲ್ಲಿ ಶೇ 200 ಅಂತ ಇದ್ದರೂ ರಸ್ತೆ 4 ಮೀಟರ್ ಇದ್ದರೆ ವಸತಿ ವಲಯದಲ್ಲಿ ಸಿಗುವುದು ಶೇ 160 ಮಾತ್ರ. ರಸ್ತೆ ಅಗಲಕ್ಕೆ 0.4 ಗುಣಿಸಿ, ಎರಡರಲ್ಲಿ ಚಿಕ್ಕದು ಯಾವುದೋ ಅದೇ ಲೆಕ್ಕ.

ರಸ್ತೆಯ ವಿಷಯಕ್ಕೆ ಬಂದರೆ, ಸೈಟು ಕನಿಷ್ಠ 4 ಮೀಟರ್ ಅಗಲದ ರಸ್ತೆಗೆ ಕನಿಷ್ಠ 2 ಮೀಟರ್ ತಾಗಿರಬೇಕು. ಹಳೇ ಬಡಾವಣೆಗಳಲ್ಲಿ ರಸ್ತೆ 3 ಮೀಟರ್ ಇರುವುದು ಮಾಮೂಲಿ. ಆಗ ರಸ್ತೆಯ ನಡು ಗೆರೆಯಿಂದ 2 ಮೀಟರ್ ಬರುವ ಹಾಗೆ ಹಿಂದೆ ಸರಿಯಬೇಕು. ಸೈಟಿನ ಅಗಲ 10 ಮೀಟರ್ ಇದ್ದರೆ ಅರ್ಧ ಮೀಟರ್ ಹಿಂದಕ್ಕೆ, ಅಂದರೆ 5 ಚದರ ಮೀಟರ್ ಹೋಯಿತು. ಅದಕ್ಕೂ ದುಡ್ಡು ಕೊಡುತ್ತಿದ್ದೀರಿ ಅನ್ನೋದು ನೆನಪಿರಲಿ. 'ಸಾಯ್‌ಕೆಂಚಿಕು ಫುಕಾ' ಅಂತ ಬರೆದಿದ್ದರೆ ಅಲ್ಲಿ ಹೊಸ ಮನೆಗೆ ಪರವಾನಗಿ ಸಿಗಲ್ಲ. ಖಾಸಗಿ ರಸ್ತೆಯಾದರೆ ಅದರಲ್ಲಿ ಪಾಲು ಮಾರಾಟದಲ್ಲಿ ಸೇರಿದೆಯಾ, ಪೈಪು ಹಾಕಲು ಅಗೆಯುವ ಒಪ್ಪಿಗೆ ಪತ್ರ ಇದೆಯಾ ಕೇಳಿ. 'ಶಿಗೈಕಾ ಚೋಸೇ ಕುಇಕಿ' ಅಂದರೆ ನಗರ ಬೆಳವಣಿಗೆ ತಡೆದಿರುವ ಪ್ರದೇಶ, ಸಾಮಾನ್ಯವಾಗಿ ಮನೆಗೆ ಅನುಮತಿ ಇಲ್ಲ. ಗದ್ದೆ ಹೊಲದ ಜಾಗವಾದರೆ ಭೂ ಪರಿವರ್ತನೆಯ ಕೆಲಸವೂ ಸೇರುತ್ತದೆ, ನಮ್ಮಲ್ಲಿ ಇದ್ದ ಹಾಗೇ.

ಬೆಂಕಿ ವಲಯ ಅಂತ ಒಂದಿದೆ, ಇದನ್ನು ಯಾರೂ ಎತ್ತಿ ಹೇಳಲ್ಲ. 'ಜುನ್ ಬೋಕಾ ಚಿಇಕಿ'ಯಲ್ಲಿ ಗಡಿಯಿಂದ, ಅಥವಾ ರಸ್ತೆಯ ನಡು ಗೆರೆಯಿಂದ, ನೆಲ ಅಂತಸ್ತಿನಲ್ಲಿ 3 ಮೀಟರ್, ಮೇಲಿನ ಅಂತಸ್ತಿನಲ್ಲಿ 5 ಮೀಟರ್ ಒಳಗೆ ಬರುವ ಕಿಟಕಿಗಳೆಲ್ಲ ಬೆಂಕಿ ತಡೆಯುವ ಬಗೆಯವೇ ಆಗಬೇಕು. ಸಣ್ಣ ಸೈಟಿನಲ್ಲಿ ಬಹುತೇಕ ಎಲ್ಲ ಕಿಟಕಿಯೂ ಅದರೊಳಗೇ ಬೀಳುತ್ತವೆ. ಮೂರು ಗಾಜಿನ ಪ್ಲಾಸ್ಟಿಕ್ ಚೌಕಟ್ಟಿನ ಒಳ್ಳೆ ಕಿಟಕಿ ಬೇಕು ಅಂದರೆ ಅದರ ಬೆಂಕಿ ತಡೆಯುವ ಮಾದರಿಗೆ ಗಣನೀಯವಾಗಿ ಜಾಸ್ತಿ ಬೆಲೆ. ಎರಡು ಸೈಟು ಒಂದೇ ರೇಟಿಗೆ ಸಿಕ್ಕಿ, ಒಂದು ಈ ವಲಯದಲ್ಲಿ ಇದ್ದು ಇನ್ನೊಂದು ಇಲ್ಲದಿದ್ದರೆ, ಅವು ಒಂದೇ ರೇಟಲ್ಲ.

ಹೆಜ್ಜೆ 5: ನೀರು, ನೆಲ, ಗೋಡೆ

'ಕಸಾನೆರು ಹಜಾರ್ಡ್ ಮ್ಯಾಪ್' ಅನ್ನುವ ಸರ್ಕಾರಿ ನಕ್ಷೆಯಲ್ಲಿ ವಿಳಾಸ ಹಾಕಿದರೆ ಪ್ರವಾಹ, ಉಬ್ಬರ, ಗುಡ್ಡ ಕುಸಿತ, ಸುನಾಮಿ ಎಲ್ಲ ಒಂದರ ಮೇಲೊಂದು ಕಾಣುತ್ತದೆ. ಭಾರತೀಯರು ಜಾಸ್ತಿ ಇರುವ ನಿಶಿಕಸಾಯ್ ಇದೆಯಲ್ಲ, ಅದು ಎದೊಗಾವ ವಾರ್ಡಿಗೆ ಸೇರಿದ್ದು. ಆ ವಾರ್ಡಿನ ಸುಮಾರು ಶೇ 70 ಭಾಗ ಉಬ್ಬರದ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. 2019ರಲ್ಲಿ ವಾರ್ಡ್ ಕಚೇರಿಯೇ ಹೊರತಂದ ಹಜಾರ್ಡ್ ಮ್ಯಾಪಿನ ಮುಖಪುಟದಲ್ಲಿ, ಪ್ರವಾಹದ ಹೊತ್ತಿಗೆ ಇಲ್ಲಿ ಇರಬೇಡಿ ಅಂತ ನೇರವಾಗಿ ಹೇಳಿದ್ದರು. ನಮ್ಮವರ ಅಂಗಡಿ, ಶಾಲೆ, ಸ್ನೇಹಿತರು ಹತ್ತಿರ ಅನ್ನೋ ಸೆಳೆತ ನನಗೆ ಅರ್ಥವಾಗುತ್ತದೆ. ಅಲ್ಲಿ ಕೊಳ್ಳಲೇಬಾರದು ಅನ್ನಲ್ಲ. ನೀರು ಎಷ್ಟು ಮೀಟರ್ ಬರಬಹುದು, ಎಲ್ಲಿಗೆ ಹೋಗಬೇಕು ಅಂತ ತಿಳಿದೇ ಕೊಳ್ಳಿ, ಸೋಲಾರ್ ಇನ್ವರ್ಟರ್ ಮತ್ತು ಬ್ಯಾಟರಿಯನ್ನು ಎತ್ತರದಲ್ಲಿ ಇಡಿಸಿ.

ಗುಡ್ಡ ಕುಸಿತದ ನಕ್ಷೆಯಲ್ಲಿ ಹಳದಿ ವಲಯ, ಕೆಂಪು ವಲಯ ಅಂತ ಇರುತ್ತವೆ. ಕೆಂಪು ವಲಯ ಬೇಡವೇ ಬೇಡ. ಅಪಾಯ ಒಂದು ಕಡೆ ಆದರೆ, ಇಂಧನ ಉಳಿಸುವ ಮನೆಗಳ ಸಹಾಯಧನವೂ ಅಲ್ಲಿ ಕೈತಪ್ಪುತ್ತದೆ. ಈ ಸಹಾಯಧನ ಸಣ್ಣದಲ್ಲ. 2025ರಲ್ಲಿ ದರ್ಜೆ 6 ಮತ್ತು ಇತರ ಷರತ್ತು ಪೂರೈಸಿದ 'ಜಿಎಕ್ಸ್' ಮಾದರಿಯ ಮನೆಗೆ 16 ಲಕ್ಷ ಯೆನ್ ಇತ್ತು. ಪ್ರತಿ ವರ್ಷ ಮೊತ್ತ, ಹೆಸರು ಬದಲಾಗುತ್ತದೆ, ದುಡ್ಡು ಮುಗಿದರೆ ಅರ್ಜಿ ನಿಲ್ಲಿಸುತ್ತಾರೆ. ಹಾಗಾಗಿ ಅದನ್ನು ನಂಬಿ ಬಜೆಟ್ ಮಾಡಬೇಡಿ.

ನೆಲದ ಇತಿಹಾಸಕ್ಕೆ ಸರ್ಕಾರದ ಭೂನಕ್ಷೆ ತಾಣದಲ್ಲಿ ಹಳೇ ವಿಮಾನ ಚಿತ್ರಗಳಿವೆ. ನಿಮ್ಮ ಸೈಟು ಹಿಂದೆ ಗದ್ದೆಯಾಗಿತ್ತಾ, ಕೆರೆಯಾಗಿತ್ತಾ, ಹೊಳೆ ಹರಿದ ಜಾಗವಾ ಅಂತ ಕಣ್ಣಾರೆ ನೋಡಬಹುದು. 2011ರ ಭೂಕಂಪದಲ್ಲಿ ಚಿಬಾದ ಉರಾಯಸು, 2024ರ ಜನವರಿ 1ರ ನೊತೊ ಭೂಕಂಪದಲ್ಲಿ ಇಶಿಕಾವದ ಉಚಿನಾದ ಮತ್ತು ನೀಗಾತ ನಗರದ ಪಶ್ಚಿಮ ವಾರ್ಡಿನಲ್ಲಿ ನೆಲ ಕೆಸರಿನಂತಾಗಿ ಮನೆಗಳು ವಾಲಿದವು. ಪಾಯದ ಕೆಳಗಿನ ನೆಲದ ಪರೀಕ್ಷೆಯನ್ನು ಸಾಮಾನ್ಯವಾಗಿ ಕೊಂಡ ಮೇಲೆ, ಮನೆ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾದ ಮೇಲೆ ಮಾಡುತ್ತಾರೆ. ನೆಲ ಮೆತ್ತಗಿದ್ದರೆ ಕಂಬ ಇಳಿಸಿ ಗಟ್ಟಿ ಮಾಡಲು 5 ಲಕ್ಷದಿಂದ 20 ಲಕ್ಷ ಯೆನ್‌ವರೆಗೂ ಹೋಗಬಹುದು. ಅಷ್ಟು ದುಡ್ಡು ಬೇರೆಯಾಗಿ ಇಟ್ಟಿರಿ. ನಿಮ್ಮ ಬಿಲ್ಡರ್ ಹತ್ತಿರ ಅಕ್ಕಪಕ್ಕದ ಸೈಟುಗಳ ಪರೀಕ್ಷೆಯ ಮಾಹಿತಿ ಇರುತ್ತದೆ, ಕೇಳಿ.

ಇಳಿಜಾರಿನ ಸೈಟಿಗೆ ಯೊಕೊಹಾಮ ಹೆಸರುವಾಸಿ. ಗಾಳಿ ಬೆಳಕು ಸೊಗಸು. ಆದರೆ ಅಲ್ಲಿನ ತಡೆಗೋಡೆ, ಅಂದರೆ 'ಯೋಹೆಕಿ', 2 ಮೀಟರ್‌ಗಿಂತ ಎತ್ತರ ಇದ್ದರೆ ಅದಕ್ಕೆ ತಪಾಸಣೆ ಆದ ಪತ್ರ 'ಕೆನ್ಸಾಜುಮಿಶೋ' ಇದೆಯಾ ಅಂತ ಕೇಳಿ. ಹಳೇ ಕಲ್ಲಿನ ಗೋಡೆ, ಗೋಡೆಯ ಮೇಲೆ ಇನ್ನೊಂದು ಗೋಡೆ, ಉಬ್ಬಿದ ಗೋಡೆ, ನೀರು ಹೋಗುವ ತೂತಿಲ್ಲದ ಗೋಡೆ ಕಂಡರೆ ಹೊಸದಾಗಿ ಕಟ್ಟಬೇಕಾಗಬಹುದು. ಹತ್ತಾರು ಲಕ್ಷ ಯೆನ್ ಅಲ್ಲಿಗೇ ಹೋಗುತ್ತದೆ.

ಪೈಪುಗಳ ಕಡೆಗೂ ಒಂದು ಕಣ್ಣಿರಲಿ. ನೀರಿನ ಪೈಪು ಹಳೇ 13 ಮಿಲಿಮೀಟರ್ ಆದರೆ 20ಕ್ಕೆ ಬದಲಾಯಿಸಬೇಕಾಗುತ್ತದೆ. ಒಳಚರಂಡಿ ಇದೆಯಾ, ಇಲ್ಲ ಸೈಟಿನಲ್ಲೇ ಶುದ್ಧೀಕರಣ ತೊಟ್ಟಿ ಬೇಕಾ? ಗ್ಯಾಸ್ ಲೈನ್ ಇಲ್ಲ ಅಂತ ಬೇಸರ ಬೇಡ, ಇಂಥ ಮನೆಗೆ ಎಲ್ಲ ಕರೆಂಟಿನಲ್ಲೇ ನಡೆಸಿದರೂ ಸಾಕು. ನೀರು ಕಾಯಿಸುವ ಹೀಟ್ ಪಂಪ್ 'ಎಕೋಕ್ಯೂಟ್'ಗೆ ಹೊರಗಡೆ ದೊಡ್ಡ ಟ್ಯಾಂಕಿನ ಜಾಗ ಬೇಕು, ಅದು ಪಕ್ಕದವರ ಮಲಗುವ ಕೋಣೆಗೆ ಎದುರಾಗಬಾರದು. ರಾತ್ರಿಯ ಸದ್ದಿಗೆ ಜಗಳಗಳು ಆಗಿವೆ.

ಗಡಿ ಗುರುತಿನ ಕಲ್ಲುಗಳು ನಾಲ್ಕೂ ಮೂಲೆಯಲ್ಲಿ ಇದೆಯಾ ನೋಡಿ. ನಮ್ಮ ಕ್ರಯಪತ್ರದ ಚಕ್ಕುಬಂದಿಗೆ ಸಮನಾದದ್ದು ಇಲ್ಲಿ ಅಕ್ಕಪಕ್ಕದವರು ಸಹಿ ಹಾಕಿದ 'ಕಾಕುತೇ ಸೊಕುರ್ಯೋ ಜು', ಅಂದರೆ ಅಂತಿಮ ಸರ್ವೆ ನಕ್ಷೆ. ಮಾರುವವರೇ ತಮ್ಮ ಖರ್ಚಿನಲ್ಲಿ ಕೊಡಬೇಕು ಅಂತ ಆಫರ್‌ನಲ್ಲೇ ಬರೆಯಿರಿ. ಸೈಟಿನಲ್ಲಿ ಹಳೇ ಮನೆ ಇದ್ದರೆ ಕೆಡವುವುದು ಯಾರು, ನೆಲದೊಳಗೆ ಉಳಿದ ಕಾಂಕ್ರೀಟ್ ತೆಗೆಯುವುದು ಯಾರು ಅನ್ನೋದೂ ಬರಹದಲ್ಲಿ ಇರಲಿ.

ಹೆಜ್ಜೆ 6: ಆಫರ್, ಒಪ್ಪಂದ, ದುಡ್ಡು

ಮನಸ್ಸಿಗೆ ಬಂದ ಸೈಟಿಗೆ 'ಕೈತ್ಸುಕೆ' ಅನ್ನುವ ಆಫರ್ ಪತ್ರ ಕೊಡುತ್ತೀರಿ. ಬೆಲೆ ಇಳಿಸಿ ಕೇಳುವುದು ಇಲ್ಲೇ, ಕಾರಣ ಸಹಿತ: ತಡೆಗೋಡೆ, ಪೈಪು, ಹಿಂದೆ ಸರಿಯುವ ಜಾಗ. ಬರೀ ಚೌಕಾಸಿ ಮಾಡಿದರೆ ಕೇಳಲ್ಲ, ಲೆಕ್ಕ ತೋರಿಸಿದರೆ ಕೇಳುತ್ತಾರೆ.

ಒಪ್ಪಂದಕ್ಕೆ ಮೊದಲು ಪರವಾನಗಿ ಇರುವ ಆಸ್ತಿ ವ್ಯವಹಾರದ ತಜ್ಞರು 'ಜೂಯೋ ಜಿಕೋ ಸೆತ್ಸುಮೇ' ಅನ್ನುವ ಮುಖ್ಯ ವಿಷಯಗಳ ವಿವರಣೆ ಓದಿ ಹೇಳಬೇಕು. ಇದು ಕಾನೂನು. 2020ರ ಆಗಸ್ಟ್‌ನಿಂದ ಪ್ರವಾಹ ನಕ್ಷೆಯಲ್ಲಿ ಸೈಟು ಎಲ್ಲಿದೆ ಅನ್ನೋದನ್ನೂ ತೋರಿಸಬೇಕು. ಎಲ್ಲ ಜಪಾನಿಯಲ್ಲಿ, ವೇಗವಾಗಿ ಓದುತ್ತಾರೆ. ಕೆಲವು ದಿನ ಮೊದಲೇ ಅದರ ಪ್ರತಿ ಕೇಳಿ ಪಡೆಯಿರಿ, ಜಪಾನಿ ಚೆನ್ನಾಗಿ ಬರುವವರ ಜೊತೆ ಕೂತು ಓದಿ, ನಿಮ್ಮ ಬಿಲ್ಡರ್‌ಗೂ ಕಳಿಸಿ. ಅದೇ ದಿನ ಓದಿ ಅದೇ ದಿನ ಸಹಿ ಹಾಕುವ ಅವಸರಕ್ಕೆ ಒಪ್ಪಬೇಡಿ.

ಅಡ್ವಾನ್ಸ್, ಅಂದರೆ 'ತೆತ್ಸುಕೆಕಿನ್', ಸಾಮಾನ್ಯವಾಗಿ ಶೇ 5ರಿಂದ 10. ನಿಗದಿತ ಅವಧಿಯೊಳಗೆ ನೀವು ಹಿಂದೆ ಸರಿದರೆ ಅದು ಹೋಯಿತು, ಮಾರುವವರು ಹಿಂದೆ ಸರಿದರೆ ಎರಡು ಪಟ್ಟು ಕೊಡಬೇಕು. ಒಪ್ಪಂದದಲ್ಲಿ 'ಲೋನ್ ತೊಕುಯಾಕು' ಇರಲೇಬೇಕು. ಸಾಲ ಸಿಗದಿದ್ದರೆ ಅಡ್ವಾನ್ಸ್ ವಾಪಸ್ ಕೊಡುವ ಷರತ್ತು ಅದು. ಎಷ್ಟು ದಿನದೊಳಗೆ, ಯಾವ ಬ್ಯಾಂಕು, ಎಷ್ಟು ಸಾಲ ಅನ್ನೋದೆಲ್ಲ ಸ್ಪಷ್ಟವಾಗಿರಲಿ. ಶಾಶ್ವತ ವಾಸ ಇಲ್ಲದವರು ಈ ಷರತ್ತಿಲ್ಲದೆ ಸಹಿ ಹಾಕಲೇಬಾರದು.

ಗೃಹಸಾಲ ಸಾಮಾನ್ಯವಾಗಿ ಮನೆ ಮುಗಿದ ಮೇಲೆ ಕೈಗೆ ಬರುತ್ತದೆ, ಸೈಟಿನ ದುಡ್ಡು ಈಗಲೇ ಬೇಕು. ಈ ನಡುವಿನ ಅಂತರಕ್ಕೆ 'ತ್ಸುನಾಗಿ ಯೂಶಿ' ಅನ್ನುವ ತಾತ್ಕಾಲಿಕ ಸಾಲ ಇದೆ, ಬಡ್ಡಿ ಸ್ವಲ್ಪ ಜಾಸ್ತಿ. ಸೈಟಿಗೆ ಮೊದಲೇ ಒಂದು ಕಂತು ಕೊಡುವ ಬ್ಯಾಂಕುಗಳೂ ಇವೆ, ಸಾಧ್ಯವಾದರೆ ಅದೇ ಒಳ್ಳೆಯದು. ಎರಡಕ್ಕೂ ಬ್ಯಾಂಕು ಮನೆಯ ಪ್ಲಾನ್ ಮತ್ತು ಅಂದಾಜು ಪಟ್ಟಿ ಕೇಳುತ್ತದೆ. ಬಿಲ್ಡರ್ ಮೊದಲೇ ಇರಬೇಕು ಅಂತ ನಾನು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಬ್ರೋಕರ್ ಶುಲ್ಕಕ್ಕೆ ಕಾನೂನಿನ ಮಿತಿ ಇದೆ: ಬೆಲೆಯ ಶೇ 3, ಜೊತೆಗೆ 60,000 ಯೆನ್, ಅದರ ಮೇಲೆ ಶೇ 10 ತೆರಿಗೆ. 3 ಕೋಟಿ ಯೆನ್ ಸೈಟಿಗೆ 10,56,000 ಯೆನ್. ಜಮೀನಿನ ಬೆಲೆಗೆ ಮಾತ್ರ ಬಳಕೆ ತೆರಿಗೆ ಇಲ್ಲ.

ಕೊನೆಯ ದಿನ ಬ್ಯಾಂಕಿನಲ್ಲಿ ಕೂತು ದುಡ್ಡು ವರ್ಗಾಯಿಸುತ್ತೀರಿ, 'ಶಿಹೋ ಶೋಶಿ' ಅನ್ನುವ ಕಾನೂನು ಬರಹಗಾರರು ಅದೇ ದಿನ ರಿಜಿಸ್ಟ್ರೇಷನ್‌ಗೆ ಹಾಕುತ್ತಾರೆ. ನೋಂದಾಯಿಸಿದ ಮುದ್ರೆ, ಅದರ ಪ್ರಮಾಣಪತ್ರ, ವಾಸದ ಪತ್ರ ಸಿದ್ಧವಿರಲಿ. 2024ರ ಏಪ್ರಿಲ್‌ನಿಂದ ವಿದೇಶಿಯರ ಹೆಸರನ್ನು ರೋಮನ್ ಅಕ್ಷರದಲ್ಲೂ ಸೇರಿಸುತ್ತಾರೆ. ನಮ್ಮ ಹೆಸರಲ್ಲಿ ಇನಿಶಿಯಲ್, ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಬೆರೆತಿರುತ್ತದೆ. ಪಾಸ್‌ಪೋರ್ಟ್, ನಿವಾಸಿ ಕಾರ್ಡ್, ಬ್ಯಾಂಕ್ ಖಾತೆ ಮೂರರಲ್ಲೂ ಒಂದೇ ಕ್ರಮ ಇದೆಯಾ ಅಂತ ತಿಂಗಳ ಮೊದಲೇ ನೋಡಿಕೊಂಡು, ಇಲ್ಲದಿದ್ದರೆ ಸರಿಮಾಡಿಸಿ.

ಕೊಂಡ ಮೇಲೆ

2025ರ ಏಪ್ರಿಲ್‌ನಿಂದ ಎರಡಂತಸ್ತಿನ ಮರದ ಮನೆಗೂ ಕಟ್ಟಡದ ಬಲದ ಲೆಕ್ಕ, ಇಂಧನದ ಲೆಕ್ಕ ಪರಿಶೀಲನೆ ಆಗುತ್ತದೆ. ಪರವಾನಗಿಗೆ ಮುಂಚೆಗಿಂತ ಜಾಸ್ತಿ ದಿನ ಹಿಡಿಯುತ್ತದೆ. ನಾರಾ, ಕ್ಯೋತೋ, ಕಾಮಾಕುರದಂಥ ಹಳೇ ಊರಲ್ಲಿ ನೆಲದೊಳಗೆ ಪುರಾತನ ಅವಶೇಷ ಇರುವ ಪ್ರದೇಶವಾದರೆ ಅಗೆಯುವ 60 ದಿನ ಮೊದಲೇ ತಿಳಿಸಬೇಕು. ಕೆಲಸ ಶುರುವಾಗುವ ಮೊದಲು ಅಕ್ಕಪಕ್ಕದ ಮನೆಗಳಿಗೆ ಬಿಲ್ಡರ್ ಜೊತೆ ನೀವೂ ಹೋಗಿ ಮಾತಾಡಿಸಿ ಬನ್ನಿ, ಕಸ ಹಾಕುವ ಜಾಗ, ಬಡಾವಣೆ ಸಂಘದ ವಿಷಯ ಅಲ್ಲೇ ಗೊತ್ತಾಗುತ್ತದೆ.

ಸೈಟು ಕೊಂಡ ಕೆಲವು ತಿಂಗಳಿಗೆ ಆಸ್ತಿ ಕೊಂಡದ್ದಕ್ಕೆ ಒಂದು ಸಲ ಕಟ್ಟುವ ತೆರಿಗೆಯ ಕಾಗದ ಬರುತ್ತದೆ. ಮನೆ ಕಟ್ಟುವವರಿಗೆ ದೊಡ್ಡ ರಿಯಾಯಿತಿ ಇದೆ, ಆದರೆ ಅರ್ಜಿ ಹಾಕಬೇಕು. ವಾರ್ಷಿಕ ಕಂದಾಯ ಶೇ 1.4, ಅದರ ಜೊತೆ ನಗರ ಯೋಜನೆ ತೆರಿಗೆ ಶೇ 0.3ರವರೆಗೆ. ಮನೆ ಇರುವ ಜಮೀನಿಗೆ 200 ಚದರ ಮೀಟರ್‌ವರೆಗೆ ಕಂದಾಯದ ಮೌಲ್ಯ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಇದಕ್ಕೆ ಜನವರಿ 1ಕ್ಕೆ ಮನೆ ಮುಗಿದು ನಿಂತಿರಬೇಕು. ಜನವರಿ 10ಕ್ಕೆ ಮುಗಿಯುವ ಹಾಗಿದ್ದರೆ ಆ ವರ್ಷ ಖಾಲಿ ಸೈಟಿನ ದರವೇ, ಆದ್ದರಿಂದ ಕೆಲಸದ ವೇಳಾಪಟ್ಟಿ ಮಾಡುವಾಗಲೇ ಈ ತಾರೀಖನ್ನು ಬಿಲ್ಡರ್‌ಗೆ ಹೇಳಿಬಿಡಿ.